ಮೂರನೇ ಬಾವುಟ ಏರಿದ ಮೇಲೂ ಮನೆ ಬಿಡದವರು

1970ರ ನವೆಂಬರ್ 12ರ ರಾತ್ರಿ, ಆಗಿನ್ನೂ ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದಲ್ಲಿ, ಮೇಘನಾ ನದಿಯ ಅಳಿವೆಯ ಮೇಲೆ ಚಂಡಮಾರುತ ಬಂದೆರಗಿತು. ಭೋಲಾ, ಮನ್ಪುರಾ, ಹಾತಿಯಾ, ಸಂದ್ವೀಪ ಮುಂತಾದ ದ್ವೀಪಗಳಲ್ಲಿ, ಅವುಗಳ ಸುತ್ತ ಹೂಳು ಕೂಡಿ ಎದ್ದ ಚಿಕ್ಕಪುಟ್ಟ ಗಡ್ಡೆಗಳಲ್ಲಿ ಬೆಳಗಾಗುವಷ್ಟರಲ್ಲಿ ಸತ್ತವರು ಮೂರು ಲಕ್ಷವೋ ಐದು ಲಕ್ಷವೋ ಖಚಿತ ಲೆಕ್ಕವಿಲ್ಲ. ಅದು ಭತ್ತದ ಕೊಯ್ಲಿನ ಕಾಲ. ಹೊರಗಿನಿಂದ ಕೂಲಿಗೆ ಬಂದವರ ಹೆಸರು ಯಾವ ಊರಿನ ಪಟ್ಟಿಯಲ್ಲೂ ಇರಲಿಲ್ಲ. ಮನೆಮಂದಿಯೆಲ್ಲ ಕೊಚ್ಚಿಹೋದ ಕಡೆ ಇಷ್ಟು ಜನ ಇದ್ದರು ಎಂದು ಹೇಳುವುದಕ್ಕೂ ಯಾರೂ ಉಳಿದಿರಲಿಲ್ಲ.

ಮುನ್ಸೂಚನೆ ಇಲ್ಲದ್ದರಿಂದ ಅಷ್ಟು ಜನ ಸತ್ತರು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಮರುವರ್ಷ ಫ್ರಾಂಕ್ ಮತ್ತು ಹುಸೇನ್ ಎಂಬ ಇಬ್ಬರು ಹವಾಮಾನ ತಜ್ಞರು ಪ್ರಕಟಿಸಿದ ಪ್ರಬಂಧ ಬೇರೆಯೇ ಚಿತ್ರ ಕೊಡುತ್ತದೆ. ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಆ ಪ್ರದೇಶದ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಮೊದಲೇ ಮುಟ್ಟಿತ್ತು. ಗಟ್ಟಿ ಕಟ್ಟಡ ಹುಡುಕಿಕೊಂಡು ಹೋದವರು ನೂರಕ್ಕೆ ಒಬ್ಬರು.

ತೊಂಬತ್ತಕ್ಕೂ ಒಂದಕ್ಕೂ ನಡುವೆ ಇರುವ ಈ ಕಂದಕದ ಬಗ್ಗೆಯೇ ಇವತ್ತಿನ ಬರಹ. ವಿಪತ್ತು ನಿರ್ವಹಣೆ ಎಂದ ಕೂಡಲೇ ಉಪಗ್ರಹ, ರಡಾರ್, ಸೂಪರ್ ಕಂಪ್ಯೂಟರ್ ಕಣ್ಣ ಮುಂದೆ ಬರುತ್ತವೆ. ಅವೆಲ್ಲ ಬೇಕು, ತಕರಾರಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ಮನುಷ್ಯ ಯಾಕೆ ಕದಲುವುದಿಲ್ಲ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಬಾಂಗ್ಲಾದೇಶದ ದ್ವೀಪಗಳ ಜನ ಐವತ್ತು ವರ್ಷ ಈ ಪ್ರಶ್ನೆಯೊಂದಿಗೆ ಸೆಣಸಿದ್ದಾರೆ. ಉತ್ತರ ಸಿಕ್ಕಿದ್ದು ಹಸುವಿನ ಹಗ್ಗ, ಶಾಲೆಯ ಮೆಟ್ಟಿಲು, ಕಕ್ಕಸಿನ ಬಾಗಿಲುಗಳಂಥ ಸಣ್ಣ ಸಂಗತಿಗಳಲ್ಲಿ.

ಮೊದಲು ನೀರಿನ ಕಥೆ. ಚಂಡಮಾರುತ ಎಂದರೆ ಗಾಳಿ ಎಂದುಕೊಳ್ಳುತ್ತೇವೆ, ಆದರೆ ಅಲ್ಲಿ ಕೊಲ್ಲುವುದು ನೀರು. ಬಂಗಾಳ ಕೊಲ್ಲಿ ಉತ್ತರಕ್ಕೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತ ಹೋಗುತ್ತದೆ. ಗಂಗಾ, ಬ್ರಹ್ಮಪುತ್ರ, ಮೇಘನಾ ಮೂರೂ ನದಿಗಳು ಹೊತ್ತು ತಂದ ಹೂಳು ಅಲ್ಲಿಯೇ ಕೂತಿದೆ. ದಕ್ಷಿಣದಿಂದ ಬರುವ ಚಂಡಮಾರುತ ತನ್ನ ಕಣ್ಣಿನ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದರಿಂದ ಅದರ ಬಲಮಗ್ಗುಲಿನ ಗಾಳಿ ಸಮುದ್ರವನ್ನು ನೇರವಾಗಿ ದಡದ ಕಡೆಗೆ ತಳ್ಳುತ್ತದೆ. ಆಳವಿದ್ದರೆ ಆ ನೀರು ಕೆಳಗಿನಿಂದ ಹಿಂದೆ ಸರಿದೀತು, ಆಳವಿಲ್ಲದ ಕಡೆ ಅದಕ್ಕೆ ಮೇಲೇಳುವುದೊಂದೇ ದಾರಿ. ಜೊತೆಗೆ ಸಂದ್ವೀಪದ ಸುತ್ತ ಉಬ್ಬರ ಇಳಿತದ ಅಂತರವೇ ಹಲವು ಮೀಟರು. ಇಳಿತದ ಹೊತ್ತಿಗೆ ಬಂದ ಚಂಡಮಾರುತ ಗುಡಿಸಲು ಹಾರಿಸಿ ಹೋದರೆ, ಉಬ್ಬರದ ಹೊತ್ತಿಗೆ ಬಂದದ್ದು ಊರನ್ನೇ ತೊಳೆದುಬಿಡುತ್ತದೆ. 1970ರಲ್ಲೂ 1991ರಲ್ಲೂ ಅದು ಬಂದದ್ದು ಹುಣ್ಣಿಮೆಯ ಆಸುಪಾಸಿನಲ್ಲಿ, ಉಬ್ಬರದ ಸಮಯದಲ್ಲಿ, ಅದೂ ರಾತ್ರಿ. ನೆಲವಾದರೋ ಸಮುದ್ರ ಮಟ್ಟಕ್ಕಿಂತ ಒಂದೆರಡು ಆಳೆತ್ತರ ಇದ್ದರೆ ಹೆಚ್ಚು. ಅದರ ಮೇಲೆ ಆರು ಮೀಟರು ಎತ್ತರದ ನೀರು ಬಂದರೆ ಓಡಿಹೋಗಲು ಗುಡ್ಡವೆಂಬುದೇ ಅಲ್ಲಿಲ್ಲ.

1970ರ ಆ ರಾತ್ರಿ ಬದುಕಿದವರು ಬಹುತೇಕ ಮರ ತಬ್ಬಿಕೊಂಡವರು. ಢಾಕಾದ ಕಾಲರಾ ಸಂಶೋಧನಾಲಯದಿಂದ ಸಮೀಕ್ಷೆಗೆ ಹೋದ ವೈದ್ಯರಾದ ಸೊಮ್ಮರ್ ಮತ್ತು ಮೋಸ್ಲಿ ಊರೂರಲ್ಲಿ ಒಂದೇ ಬಗೆಯ ಗಾಯ ಕಂಡರು. ಎದೆ, ತೋಳುಗಳ ಒಳಭಾಗ, ತೊಡೆಗಳ ಒಳಭಾಗ ಉಜ್ಜಿ ಚರ್ಮ ಕಿತ್ತುಹೋಗಿತ್ತು. ಗಂಟೆಗಟ್ಟಲೆ ತೆಂಗಿನ ಮರವನ್ನೋ ತಾಳೆ ಮರವನ್ನೋ ಅವುಚಿ ಹಿಡಿದದ್ದರ ಗುರುತು ಅದು. ಹಾಗೆ ಹಿಡಿಯುವ ಕಸುವಿದ್ದವರು ಗಟ್ಟಿಮುಟ್ಟಾದ ಗಂಡಸರು. ಸತ್ತವರಲ್ಲಿ ಅರ್ಧದಷ್ಟು ಮಂದಿ ಹತ್ತು ವರ್ಷದೊಳಗಿನ ಮಕ್ಕಳು.

ಹಾಗಾದರೆ ಗೊತ್ತಿದ್ದೂ ಜನ ಯಾಕೆ ಹೊರಡಲಿಲ್ಲ? ಹಿಂದಿನ ತಿಂಗಳು, ಅಕ್ಟೋಬರಿನಲ್ಲಿ, ಇನ್ನೊಂದು ಚಂಡಮಾರುತದ ಎಚ್ಚರಿಕೆ ಬಂದಿತ್ತು. ಹೆದರಿಸಿದಷ್ಟು ಅದು ಮಾಡಲಿಲ್ಲ. ತೋಳ ಬಂತು ತೋಳ ಎಂಬ ಕಥೆ ನಮಗೆಲ್ಲ ಪಾಠವಾಗಿತ್ತು. ಅದರಲ್ಲಿ ತಪ್ಪು ಕೂಗಿದ ಹುಡುಗನದು. ಹವಾಮಾನ ಇಲಾಖೆಯ ವಿಷಯದಲ್ಲಿ ಹಾಗೆ ಹೇಳಲಾಗದು, ಏಕೆಂದರೆ ಇಲ್ಲಿ ತೋಳ ನಿಜವಾಗಿಯೂ ಬರುತ್ತಿರುತ್ತದೆ, ಕೊನೆಯ ಗಳಿಗೆಯಲ್ಲಿ ಪಕ್ಕದೂರಿಗೆ ತಿರುಗಿಕೊಳ್ಳುತ್ತದೆ. ಕೂಗದೆ ಇರುವಂತಿಲ್ಲ, ಕೂಗಿದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. 2007ರಲ್ಲೂ ಹೀಗೇ ಆಯಿತು. ಸೆಪ್ಟೆಂಬರಿನಲ್ಲಿ ಸುನಾಮಿ ಎಚ್ಚರಿಕೆ ಕೇಳಿ ಕರಾವಳಿಯ ಜನ ಮನೆ ಬಿಟ್ಟು ಓಡಿದರು, ಏನೂ ಆಗಲಿಲ್ಲ. ಎರಡು ತಿಂಗಳಿಗೆ ಸಿದ್ರ್ ಚಂಡಮಾರುತ ಬಂದಾಗ, ಇದೂ ಅಂಥದ್ದೇ ಎಂದು ಕೂತವರು ಎಷ್ಟೋ ಜನ. ಆ ಸಲ ಸತ್ತವರು ಮೂರು ಸಾವಿರದ ನಾನೂರು ಚಿಲ್ಲರೆ.

ಇನ್ನೊಂದು ಕಾರಣ ಎಚ್ಚರಿಕೆಯ ಭಾಷೆ. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕರಾವಳಿಗೂ ಇದು ಸಂಬಂಧಪಟ್ಟದ್ದು. ಬಂದರುಗಳಲ್ಲಿ ಏರಿಸುವ ಸಂಕೇತಗಳಿಗೆ 1ರಿಂದ 11ರವರೆಗೆ ಸಂಖ್ಯೆಗಳಿವೆ. ಬ್ರಿಟಿಷರ ಕಾಲದ ಈ ಪದ್ಧತಿಯನ್ನು ಭಾರತವೂ ಬಾಂಗ್ಲಾದೇಶವೂ ಉಳಿಸಿಕೊಂಡು ಬಂದಿವೆ. ಮಂಗಳೂರು, ಕಾರವಾರ ಬಂದರುಗಳಲ್ಲಿ ಮೂರನೇ ಸಂಖ್ಯೆಯ ಎಚ್ಚರಿಕೆ ಸಂಕೇತ ಏರಿಸಲಾಗಿದೆ ಎಂಬ ಸುದ್ದಿಯನ್ನು ಮಳೆಗಾಲದಲ್ಲಿ ನಾವೂ ಓದುತ್ತೇವೆ. ಸಂಖ್ಯೆ ಹೆಚ್ಚಾದಂತೆ ಅಪಾಯ ಹೆಚ್ಚು ಎಂದು ಯಾರಾದರೂ ತಿಳಿಯುತ್ತಾರೆ. ಆದರೆ 5, 6, 7 ಮೂರೂ ಒಂದೇ ತೀವ್ರತೆಯ ಅಪಾಯ. ಚಂಡಮಾರುತ ಬಂದರಿನ ಈ ಪಕ್ಕದಲ್ಲಿ ಹಾಯುತ್ತದೋ ಆ ಪಕ್ಕದಲ್ಲೋ ಅಥವಾ ಬಂದರಿನ ಮೇಲೆಯೇ ಬರುತ್ತದೋ ಎಂಬುದಷ್ಟೇ ಮೂರರ ವ್ಯತ್ಯಾಸ. 8, 9, 10 ಕೂಡ ಹಾಗೆಯೇ, ಮೂರೂ ಮಹಾ ಅಪಾಯ. 11 ಎಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ. ಲಂಗರು ಎತ್ತಿ ಯಾವ ದಿಕ್ಕಿಗೆ ಹೋಗಲಿ ಎಂದು ಯೋಚಿಸುವ ಹಡಗಿನ ಕಪ್ತಾನನಿಗೆ ಇದು ಬಹಳ ಉಪಯುಕ್ತ. ಗೊಂತಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡ ರೈತನಿಗೆ ಏನು ಪ್ರಯೋಜನ? ಇನ್ನೂ ಎಂಟು, ಹತ್ತಕ್ಕೆ ಹೋದ ಮೇಲೆ ನೋಡೋಣ ಎಂದು ಆತ ಕೂತರೆ ದಡ್ಡ ಎನ್ನಲಾಗದು. ಸಂಖ್ಯೆಯನ್ನು ಅವನು ಸರಿಯಾಗಿಯೇ ಓದಿದ, ಆ ಸಂಖ್ಯೆ ಅವನಿಗಾಗಿ ಮಾಡಿದ್ದಾಗಿರಲಿಲ್ಲ.

1970ರ ಚಂಡಮಾರುತದ ನಂತರ ಪಶ್ಚಿಮ ಪಾಕಿಸ್ತಾನದಲ್ಲಿದ್ದ ಸರ್ಕಾರ ಪರಿಹಾರಕ್ಕೆ ತೋರಿದ ಅಸಡ್ಡೆ, ಮರು ತಿಂಗಳೇ ನಡೆದ ಚುನಾವಣೆಯಲ್ಲಿ ಪೂರ್ವ ಭಾಗದ ಅವಾಮಿ ಲೀಗ್ ಪಕ್ಷ ಗೆದ್ದದ್ದು, ಅಲ್ಲಿಂದ ಬಾಂಗ್ಲಾದೇಶ ಹುಟ್ಟಿದ 1971ರ ಯುದ್ಧ, ಇವೆಲ್ಲ ಗೊತ್ತಿರುವ ಇತಿಹಾಸ. ನನ್ನ ಆಸಕ್ತಿ ಅದರ ಬೆನ್ನಿಗೇ ಸದ್ದಿಲ್ಲದೆ ಹುಟ್ಟಿದ ಒಂದು ವ್ಯವಸ್ಥೆಯಲ್ಲಿ. ಹೊಸ ದೇಶದ ರೆಡ್ ಕ್ರಾಸ್ 1972ರಲ್ಲಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮವೊಂದನ್ನು ಆರಂಭಿಸಿತು, ಮರುವರ್ಷ ಸರ್ಕಾರ ಕೈಜೋಡಿಸಿತು. ಹಣವಿರಲಿಲ್ಲ, ರಸ್ತೆಯಿರಲಿಲ್ಲ, ದ್ವೀಪಗಳಲ್ಲಿ ಕರೆಂಟಿನ ಮಾತೇ ಇರಲಿಲ್ಲ. ಇದ್ದದ್ದು ಜನ. ಕೆಲವು ಸಾವಿರ ಜನಸಂಖ್ಯೆಗೆ ಒಂದು ತಂಡದಂತೆ ಆಯಾ ಊರಿನವರನ್ನೇ ಆರಿಸಿದರು. ಸಂಬಳವಿಲ್ಲ. ಕೊಟ್ಟದ್ದು ಟ್ರಾನ್ಸಿಸ್ಟರ್ ರೇಡಿಯೋ, ಕೈಯಲ್ಲಿ ತಿರುಗಿಸುವ ಸೈರನ್, ಮೆಗಾಫೋನ್, ಟಾರ್ಚು, ಗಂಬೂಟು, ಮಳೆ ಅಂಗಿ. ಜೊತೆಗೆ ಕೆಂಪು ಬಟ್ಟೆಯ ನಡುವೆ ಕಪ್ಪು ಚೌಕವಿರುವ ಬಾವುಟ.

ಬಾವುಟದ ಲೆಕ್ಕ ಸರಳ. ಒಂದು ಏರಿದರೆ ಎಚ್ಚರದಿಂದಿರಿ. ಎರಡು ಏರಿದರೆ ಅಪಾಯ, ಗಂಟು ಕಟ್ಟಿಕೊಳ್ಳಿ. ಮೂರು ಏರಿದರೆ ಹೊರಡಿ. ಹನ್ನೊಂದು ಸಂಖ್ಯೆಗಳ ಗೊಂದಲವನ್ನು ಮೂರು ತುಂಡು ಬಟ್ಟೆಗೆ ಇಳಿಸಿದವರಿಗೆ ನಾನಂತೂ ಯಾವ ವಿಜ್ಞಾನಿಗೂ ಕಡಿಮೆಯಿಲ್ಲದ ಗೌರವ ಕೊಡುತ್ತೇನೆ. ಓದು ಬಾರದವರಿಗೂ ಅದು ಗೊತ್ತಾಗುತ್ತದೆ, ಗಾಳಿಯ ಸದ್ದಿಗೆ ಮಾತು ಕೇಳದಿದ್ದರೂ ಕಣ್ಣಿಗೆ ಕಾಣುತ್ತದೆ. ಕತ್ತಲಾದ ಮೇಲೆ ಸೈರನ್ ಇದೆ, ಮಸೀದಿಯ ಧ್ವನಿವರ್ಧಕವಿದೆ.

ಇದರ ಹಿಂದಿರುವ ಯೋಚನೆ ಇನ್ನೂ ಮುಖ್ಯ. ಢಾಕಾದಿಂದ ರೇಡಿಯೋದಲ್ಲಿ ಬಂದ ದನಿಯನ್ನು ನಂಬದವನು, ದಿನಾ ಚಹದಂಗಡಿಯಲ್ಲಿ ಸಿಗುವವನ ಮಾತನ್ನು ನಂಬುತ್ತಾನೆ. ಆ ಸ್ವಯಂಸೇವಕ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟದ್ದು ಕಂಡರಂತೂ ಇನ್ನೂ ಹೆಚ್ಚು ನಂಬುತ್ತಾನೆ. ಯಾವ ಮನೆಯಲ್ಲಿ ಮಲಗಿದಲ್ಲೇ ಇರುವ ಅಜ್ಜಿಯಿದ್ದಾಳೆ, ಯಾರು ತುಂಬು ಬಸುರಿ, ಯಾರ ಗಂಡ ಮೀನು ಹಿಡಿಯಲು ಹೋಗಿದ್ದಾನೆ ಎಂಬುದೆಲ್ಲ ಅವನಿಗೆ ಗೊತ್ತು. ಇಂಥ ಮಾಹಿತಿಯನ್ನು ಯಾವ ಜಿಲ್ಲಾ ಕೇಂದ್ರದ ಕಂಟ್ರೋಲ್ ರೂಮಿನಲ್ಲೂ ಕಲೆಹಾಕಿ ಇಡಲಾಗದು.

ಇಷ್ಟೆಲ್ಲ ಇದ್ದೂ 1991ರ ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿ, ಸಂದ್ವೀಪ, ಕುತುಬ್‌ದಿಯಾಗಳಲ್ಲಿ ಸುಮಾರು 1 ಲಕ್ಷ 38 ಸಾವಿರ ಜನ ಸತ್ತರು. ಸ್ವಯಂಸೇವಕರು ಕೂಗಿದ್ದರು. ಕೂಗುತ್ತಲೇ ಪ್ರಾಣ ಬಿಟ್ಟವರೂ ಅವರಲ್ಲಿದ್ದರು. ಎಚ್ಚರಿಕೆ ಈ ಸಲ ಚೆನ್ನಾಗಿಯೇ ಮುಟ್ಟಿತ್ತು. ಹೋಗುವುದೆಲ್ಲಿಗೆ? ಇಡೀ ಕರಾವಳಿಗೆ ಆಶ್ರಯ ಕಟ್ಟಡಗಳು ಇದ್ದದ್ದು ಮುನ್ನೂರರ ಆಸುಪಾಸು. ಆಮೇಲೆ ನಡೆದ ಒಂದು ಸಮೀಕ್ಷೆಯ ಫಲಿತಾಂಶ ಓದಿದರೆ ಮೈ ಜುಮ್ಮೆನ್ನುತ್ತದೆ. ಇಟ್ಟಿಗೆಯ ಅಥವಾ ಕಾಂಕ್ರೀಟಿನ ಕಟ್ಟಡ ಮುಟ್ಟಲಾಗದವರಲ್ಲಿ ನೂರಕ್ಕೆ ಇಪ್ಪತ್ತೆರಡು ಮಂದಿ ಸತ್ತಿದ್ದರು. ಮುಟ್ಟಿದವರಲ್ಲಿ ಒಬ್ಬರೂ ಸತ್ತಿರಲಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಶವಿತ್ತು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 26 ಮಂದಿ, ನಲವತ್ತು ದಾಟಿದ ಹೆಂಗಸರಲ್ಲಿ ನೂರಕ್ಕೆ 31 ಮಂದಿ ತೀರಿಕೊಂಡಿದ್ದರು. ಕಟ್ಟಡ ಹತ್ತಿರದಲ್ಲಿದ್ದರೂ ಹೋಗದವರಿದ್ದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಗಂಡ ಮನೆಯಲ್ಲಿಲ್ಲ, ಅವನನ್ನು ಕೇಳದೆ ಹೊಸ್ತಿಲು ದಾಟುವುದು ಹೇಗೆ? ಪರಗಂಡಸರ ನಡುವೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವುದು ಹೇಗೆ? ಅಲ್ಲಿ ಹೆಂಗಸರಿಗೆ ಬೇರೆ ಕಕ್ಕಸಿಲ್ಲ. ಬೆಳೆದ ಮಗಳನ್ನು ಆ ಗುಂಪಿನೊಳಗೆ ಕೂರಿಸಲು ಯಾವ ತಾಯಿಗೂ ಮನಸ್ಸು ಬಾರದು. ಕೊನೆಗೆ ನೀರು ಬಂದಾಗ ಕಂಕುಳಲ್ಲಿ ಒಂದು ಮಗು, ಕೈಯಲ್ಲೊಂದು, ಕಾಲಿಗೆ ಸುತ್ತಿಕೊಂಡ ಒದ್ದೆ ಸೀರೆ, ಕೊಂಬೆಗೆ ಸಿಕ್ಕಿಕೊಳ್ಳುವ ಉದ್ದ ಕೂದಲು. ಪ್ರಕೃತಿಗೆ ಭೇದಭಾವವಿಲ್ಲ ಎನ್ನುವವರಿಗೆ ಈ ಅಂಕಿ ತೋರಿಸಬೇಕು. ಭೇದವೆಲ್ಲ ಗಾಳಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮನೆಯೊಳಗೆ ತಯಾರಾಗಿರುತ್ತದೆ.

ಇಲ್ಲಿಂದ ಮುಂದಿನದು, ನನ್ನ ದೃಷ್ಟಿಯಲ್ಲಿ, ಈ ಕಥೆಯ ಅತ್ಯಂತ ಒಳ್ಳೆಯ ಭಾಗ. ಎಂಜಿನಿಯರ್ ಜಮೀಲುರ್ ರೆಜಾ ಚೌಧರಿಯವರ ನೇತೃತ್ವದಲ್ಲಿ 1990ರ ದಶಕದಲ್ಲಿ ವಿವಿಧೋದ್ದೇಶ ಆಶ್ರಯ ಕಟ್ಟಡಗಳ ಯೋಜನೆ ರೂಪುಗೊಂಡಿತು. ಕಂಬಗಳ ಮೇಲೆ ನಿಂತ ಕಾಂಕ್ರೀಟು ಕಟ್ಟಡ, ಕೆಳಗೆ ಖಾಲಿ. ನೀರು ಗೋಡೆಗೆ ಗುದ್ದುವುದಿಲ್ಲ, ಕಂಬಗಳ ನಡುವೆ ಹರಿದು ಹೋಗುತ್ತದೆ. ಮೇಲಿನ ಕೋಣೆಗಳಲ್ಲಿ ವರ್ಷವಿಡೀ ಶಾಲೆ ನಡೆಯುತ್ತದೆ. ದುಡ್ಡು ಉಳಿಸುವ ಉಪಾಯ ಇದು ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಆಶ್ರಯಕ್ಕೆಂದೇ ಕಟ್ಟಿ ಬೀಗ ಹಾಕಿಟ್ಟ ಕಟ್ಟಡದ ಗತಿ ಏನಾಗುತ್ತದೆ ಎಂದು ಸರ್ಕಾರಿ ಕಟ್ಟಡಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಐದು ವರ್ಷದಲ್ಲಿ ಕಿಟಕಿ ಮಾಯ, ಬಾಗಿಲಿಗೆ ಗೆದ್ದಲು, ಬೀಗದ ಕೈ ಯಾರ ಹತ್ತಿರವಿದೆಯೋ ಗೊತ್ತಿಲ್ಲ. ಶಾಲೆಯಾದರೆ ಬೀಗದ ಕೈ ಮೇಷ್ಟ್ರ ಹತ್ತಿರ ಇರುತ್ತದೆ, ಮೇಷ್ಟ್ರ ಮನೆ ಎಲ್ಲರಿಗೂ ಗೊತ್ತು. ದಿನಾ ಹೋಗಿ ಬರುವ ಮಗುವಿಗೆ ಕತ್ತಲಲ್ಲೂ ದಾರಿ ಗೊತ್ತು. ಹೆಂಗಸರಿಗೂ ಅದು ಅಪರಿಚಿತ ಜಾಗವಲ್ಲ, ಮಗಳ ಶಾಲೆ.

ನಂತರ ಕಟ್ಟಿದವುಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಬಂದವು. ಸ್ವಯಂಸೇವಕರ ತಂಡದಲ್ಲಿ ಹೆಂಗಸರು ಸೇರಿದರು. ಈಗ 76 ಸಾವಿರದಷ್ಟಿರುವ ಸ್ವಯಂಸೇವಕರಲ್ಲಿ ಅರ್ಧ ಅವರೇ. ಗಂಡಸು ಅಂಗಳದಲ್ಲಿ ನಿಂತು ಕೂಗುತ್ತಾನೆ, ಹೆಂಗಸಾದರೆ ಅಡುಗೆಮನೆಯವರೆಗೆ ಹೋಗಿ, ನೀನು ಏಳು, ಮಕ್ಕಳ ಬಟ್ಟೆ ನಾನು ಕಟ್ಟುತ್ತೇನೆ ಎನ್ನಬಲ್ಲಳು.

ಇನ್ನು ದನ. ಒಂದು ಹಸು ಹೋದರೆ ಮತ್ತೆ ಕೊಳ್ಳಲು ವರ್ಷಗಟ್ಟಲೆ ಸಾಲ ತೀರಿಸಬೇಕಾದ ಮನೆಯಲ್ಲಿ, ಜೀವ ಉಳಿಸಿಕೋ, ಹಸು ಬಿಡು ಎಂಬ ಬುದ್ಧಿವಾದ ಉಳ್ಳವರು ಹೇಳುವಂಥದ್ದು. ರಾಯಚೂರು ಜಿಲ್ಲೆಯ ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿ ಪ್ರವಾಹದ ಹೊತ್ತಿಗೆ ಬೋಟು ತಂದು ನಿಂತ ಅಧಿಕಾರಿಗಳಿಗೆ ಜನ ಹೇಳುವುದೂ ಇದನ್ನೇ: ದನಕರು ಬಿಟ್ಟು ಹೆಂಗ್ ಬರೋದ್ರೀ? ಬಾಂಗ್ಲಾದೇಶದಲ್ಲಿ 1970ರ ದುರಂತದ ನಂತರ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಹೊಸ ದೇಶದ ಸ್ಥಾಪಕ ನಾಯಕ ಶೇಖ್ ಮುಜೀಬರ ಹೆಸರಿನಿಂದ ಅವನ್ನು ಮುಜೀಬ್ ಕಿಲ್ಲಾ ಎಂದು ಕರೆಯುತ್ತಾರೆ, ಕಿಲ್ಲಾ ಎಂದರೂ ಮೂಲತಃ ದನ ನಿಲ್ಲಿಸುವ ಗುಡ್ಡ ಅಷ್ಟೆ. ಹೊಸ ಆಶ್ರಯ ಕಟ್ಟಡಗಳಲ್ಲಿ ದನ ಹತ್ತಿಸಲು ಇಳಿಜಾರು ದಾರಿ ಮಾಡಿದ್ದೂ ಉಂಟು. ಯೋಜನಾ ವರದಿಯಲ್ಲಿ ಇಂಥ ಇಳಿಜಾರು ಒಂದು ಸಾಲಿನ ವಿಷಯ. ಆದರೆ ಮನೆ ಯಜಮಾನ ಹೊರಡುತ್ತಾನೋ ಇಲ್ಲವೋ, ಅವನ ಹಿಂದೆ ಆರು ಜನ ಹೊರಡುತ್ತಾರೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಇದೆಲ್ಲದರ ಪರೀಕ್ಷೆ ನಡೆದದ್ದು 2020ರ ಮೇ 20ರಂದು, ಆಂಫನ್ ಚಂಡಮಾರುತದ ದಿನ. ಅದೂ ಕೊರೊನಾ ಕಾಲ. ಜನರನ್ನು ಒಂದೆಡೆ ಸೇರಿಸಿದರೆ ರೋಗ, ಸೇರಿಸದಿದ್ದರೆ ನೀರು. ಇದ್ದ 4,171 ಆಶ್ರಯಗಳ ಜೊತೆ ಸುಮಾರು 10,500 ಶಾಲೆ ಕಾಲೇಜು ಮುಂತಾದ ಕಟ್ಟಡಗಳನ್ನು ಕೆಲವೇ ದಿನಗಳಲ್ಲಿ ತೆರೆದರು. 24 ಲಕ್ಷದಷ್ಟು ಜನ ಮನೆ ಬಿಟ್ಟು ಬಂದರು, ಲಕ್ಷಗಟ್ಟಲೆ ದನಕರುಗಳೂ ಬಂದವು. ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ಮೂವತ್ತನ್ನು ಮುಟ್ಟಲಿಲ್ಲ. ಆಂಫನ್ ಬಿದ್ದದ್ದು ಪಶ್ಚಿಮಕ್ಕೆ, ನಡುವೆ ಸುಂದರಬನದ ಕಾಡು ಅಡ್ಡ ನಿಂತಿತ್ತು, ಆದ್ದರಿಂದ 1970ರ ಜೊತೆ ಇದನ್ನು ತೂಗಿ ನೋಡುವುದು ನ್ಯಾಯವಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಲಕ್ಷಗಳಲ್ಲಿ ಎಣಿಸುತ್ತಿದ್ದುದನ್ನು ಎರಡಂಕಿಗೆ ಇಳಿಸಿದ್ದು ಒಂದು ಕಾಡಿನ ಕೆಲಸವಲ್ಲ. ಬಡ ದೇಶವೊಂದು ಅರ್ಧ ಶತಮಾನ ಬೇಸರವಿಲ್ಲದೆ ಮಾಡಿದ ಬೇಸರದ ಕೆಲಸ ಅದು. ಪ್ರತಿವರ್ಷ ಅಣಕು ತಾಲೀಮು, ಸೈರನ್ನಿಗೆ ಎಣ್ಣೆ, ಬಾವುಟದ ಬಟ್ಟೆ ಬದಲಾವಣೆ, ಸತ್ತ ಬ್ಯಾಟರಿ ತೆಗೆದು ಹೊಸದು ಹಾಕುವುದು. ಇದರಲ್ಲಿ ಯಾವುದಕ್ಕೂ ರಿಬ್ಬನ್ ಕತ್ತರಿಸುವ ಸಮಾರಂಭವಿರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ಗಾಬುರಾಕ್ಕೂ ಒಮ್ಮೆ ಹೋಗಿ ನೋಡಬೇಕು. ಬಾಂಗ್ಲಾದೇಶದ ನೈಋತ್ಯ ಮೂಲೆಯಲ್ಲಿ, ಸುಂದರಬನಕ್ಕೆ ಹೊಂದಿಕೊಂಡಂತೆ, ಖೋಲ್‌ಪೆಟುವಾ ಮತ್ತು ಕಪೋತಾಕ್ಷ ನದಿಗಳ ನಡುವಿನ ದ್ವೀಪ ಅದು. ಸುತ್ತಲೂ ಮಣ್ಣಿನ ದಂಡೆ. 1960ರ ದಶಕದಿಂದ ಕಟ್ಟಿದ ಇಂಥ ದಂಡೆಗಳೇ ಕರಾವಳಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ತಡೆದದ್ದು. ಉತ್ತರ ಕನ್ನಡದ ಗಜನಿ ಗದ್ದೆ ಕಂಡವರಿಗೆ ಈ ಏರ್ಪಾಡು ಹೊಸದಲ್ಲ. ಅಲ್ಲಿ ಕಗ್ಗ ಭತ್ತದ ಜಾಗಕ್ಕೆ ಸಿಗಡಿ ಬಂದ ಕಥೆಯೂ ಗೊತ್ತೇ ಇದೆ. ಗಾಬುರಾದಲ್ಲೂ ಸಿಗಡಿ ಕೃಷಿ ಬಂತು. ಸಿಗಡಿಗೆ ಉಪ್ಪುನೀರು ಬೇಕು, ಉಪ್ಪುನೀರು ಒಳಗೆ ಬಿಡಲು ದಂಡೆಗೇ ತೂತು ಕೊರೆದು ಕೊಳವೆ ಇಟ್ಟರು. 2009ರ ಮೇ 25ರಂದು ಐಲಾ ಬಂತು. ಅಂಥ ಭೀಕರ ಗಾಳಿಯೇನಲ್ಲ, ಆದರೆ ಉಬ್ಬರದ ಹೊತ್ತು. ಸಡಿಲಗೊಂಡಿದ್ದ ದಂಡೆ ಒಡೆಯಿತು.

ಬಾಂಗ್ಲಾದೇಶದಲ್ಲಿ ಐಲಾಕ್ಕೆ ಸತ್ತವರು ಇನ್ನೂರರ ಒಳಗೆ. ಸಾವಿನ ಲೆಕ್ಕವೊಂದನ್ನೇ ನೋಡುವುದಾದರೆ ಇದನ್ನೂ ಯಶಸ್ಸು ಎನ್ನಬೇಕು. ಗಾಬುರಾದಲ್ಲಿ ಮಾತ್ರ ದಿನಕ್ಕೆ ಎರಡು ಸಲ ಉಬ್ಬರದ ನೀರು ಮನೆಯೊಳಗೆ ಬಂದು ಹೋಗತೊಡಗಿತು. ವರ್ಷ ಕಳೆದರೂ ದಂಡೆ ಸರಿಹೋಗಲಿಲ್ಲ. ಜನ ಮುರಿದ ದಂಡೆಯ ಮೇಲೆಯೇ ಗುಡಿಸಲು ಹಾಕಿ ಬದುಕಿದರು. ಕುಡಿಯುವ ನೀರಿನ ಕೆರೆಗಳು ಉಪ್ಪಾದವು, ಭತ್ತ ಬೆಳೆಯದಾಯಿತು, ಗಂಡಸರು ಕೂಲಿ ಹುಡುಕಿಕೊಂಡು ಪಟ್ಟಣ ಸೇರಿದರು. ಕುಡಿಯುವ ನೀರಿಗಾಗಿ ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆದರು.

ಅಪಾಯ ತಗ್ಗಿಸುವುದು ಎಂಬ ಮಾತಿನ ಪೂರ್ತಿ ಅರ್ಥ ಇಲ್ಲಿ ಬಯಲಾಗುತ್ತದೆ. ಒಂದು ರಾತ್ರಿ ಜನರನ್ನು ಮೇಲಿನ ಅಂತಸ್ತಿನಲ್ಲಿ ಕೂರಿಸಿ ಉಳಿಸುವುದು ಅದರ ಅರ್ಧ. ಬೆಳಿಗ್ಗೆ ಅವರು ಇಳಿದು ಹೋಗಲು ಮನೆ, ಗದ್ದೆ, ಸಿಹಿನೀರು ಉಳಿದಿರುವಂತೆ ನೋಡಿಕೊಳ್ಳುವುದು ಇನ್ನರ್ಧ. ಮೊದಲರ್ಧದಲ್ಲಿ ಎಲ್ಲರ ಹಿತವೂ ಒಂದೇ, ಊರಿನ ಧನಿಕನೂ ಮುಳುಗಲು ಬಯಸುವುದಿಲ್ಲ. ಎರಡನೆಯದರಲ್ಲಿ ಹಾಗಿಲ್ಲ. ದಂಡೆಗೆ ತೂತು ಕೊರೆಯುವವನಿಗೆ ಲಾಭ ಒಂದು ಕಡೆ, ದಂಡೆಯ ಕೆಳಗೆ ಮಲಗುವವನಿಗೆ ನಷ್ಟ ಇನ್ನೊಂದು ಕಡೆ. ತೂತು ಕೊರೆಯಬೇಡ ಎಂದು ಪ್ರಭಾವಿಗಳಿಗೆ ಹೇಳುವ ಅಧಿಕಾರ ಯಾವ ಸ್ವಯಂಸೇವಕನಿಗೂ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಹೆಚ್ಚಿದಷ್ಟು ವೇಗವಾಗಿ ದಂಡೆಗಳು ಗಟ್ಟಿಯಾಗದಿರಲು ಹಣದ ಕೊರತೆಯಷ್ಟೇ ಕಾರಣ ಎಂದು ನಾನು ನಂಬುವುದಿಲ್ಲ.

ದಂಡೆಯ ಹೊರಗೆ ಕಾಡು ಬೆಳೆಸುವ ಕೆಲಸ 1966ರಿಂದಲೇ ನಡೆದಿದೆ. ಕೇವ್ಡಾ ಎಂಬ ಜಾತಿಯ ಕಾಂಡ್ಲಾ ಗಿಡಗಳನ್ನು ಹೊಸ ಹೂಳಿನ ಮೇಲೆ ನೆಟ್ಟು ಬೆಳೆಸಿದ್ದಾರೆ. ಅವು ಅಲೆಯ ಕಸುವು ತಗ್ಗಿಸುತ್ತವೆ, ಹೂಳು ಹಿಡಿದು ನೆಲವನ್ನೂ ಬೆಳೆಸುತ್ತವೆ. ಆದರೆ ಮೇಘನಾ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಭೋಲಾ, ಹಾತಿಯಾ, ಸಂದ್ವೀಪಗಳ ದಡ ಕುಸಿಯುತ್ತಲೇ ಇದೆ. ಢಾಕಾದ ಮೀರ್‌ಪುರದಲ್ಲಿ ಭೋಲಾ ಬಸ್ತಿ ಎಂಬ ಕೊಳೆಗೇರಿಯೇ ಇದೆ. ಭೋಲಾ ದ್ವೀಪ ಬಿಟ್ಟು ಬಂದವರು ಸೇರಿ ಆದದ್ದು ಅದು. ನದಿ ಹೊಲ ನುಂಗಿದರೆ ಯಾವ ಬಾವುಟವೂ ಏರುವುದಿಲ್ಲ, ವರ್ಷಕ್ಕಿಷ್ಟು ಎಂದು ನುಂಗುವುದರಿಂದ ಅದು ಸುದ್ದಿಯೂ ಆಗುವುದಿಲ್ಲ.

ಈಚಿನ ವರ್ಷಗಳಲ್ಲಿ ಒಂದು ಹೊಸ ಪ್ರಯೋಗ ನಡೆಯುತ್ತಿದೆ. ಪರಿಹಾರವನ್ನು ವಿಪತ್ತಿನ ನಂತರ ಕೊಡುವ ಬದಲು, ಮುನ್ಸೂಚನೆ ಇಷ್ಟು ಮಟ್ಟ ದಾಟಿದರೆ ಹಣ ತಾನಾಗಿ ಬಿಡುಗಡೆಯಾಗಲಿ ಎಂದು ಮೊದಲೇ ಒಪ್ಪಂದ ಮಾಡಿಡುವುದು. 2020ರ ಜುಲೈಯಲ್ಲಿ ಬಾಂಗ್ಲಾದೇಶದ ಜಮುನಾ ನದಿ ಉಕ್ಕುವ ಮೊದಲೇ ಸಾವಿರಾರು ಕುಟುಂಬಗಳಿಗೆ ವಿಶ್ವ ಆಹಾರ ಕಾರ್ಯಕ್ರಮದಿಂದ ಮೊಬೈಲ್ ಮೂಲಕ ಹಣ ಹೋಯಿತು. ಆಂಫನ್ ಹೊತ್ತಿಗೆ ರೆಡ್ ಕ್ರೆಸೆಂಟ್ (ಹಿಂದಿನ ರೆಡ್ ಕ್ರಾಸ್) ಕೂಡ ಇದೇ ಬಗೆಯ ನಿಧಿ ಬಳಸಿತು. ಮೇಲೆ ಹೇಳಿದ ತೊಂಬತ್ತು ಮತ್ತು ಒಂದರ ಕಂದಕಕ್ಕೆ ಇದು ನೇರವಾಗಿ ಕೈಹಾಕುತ್ತದೆ. ಕೈಯಲ್ಲಿ ನಾಲ್ಕು ಕಾಸು ಮೊದಲೇ ಬಂದರೆ ವ್ಯಾನು ಗೊತ್ತು ಮಾಡಿ ಹಸು ಸಾಗಿಸಬಹುದು, ಅಗ್ಗಕ್ಕೆ ಮಾರುವ ಅಗತ್ಯವಿಲ್ಲ. ಮನೆಯ ತಗಡಿಗೆ ಹಗ್ಗ ಬಿಗಿಸಬಹುದು, ಎರಡು ದಿನದ ಕೂಲಿ ತಪ್ಪಿತೆಂದು ಹೊಟ್ಟೆಗಿಲ್ಲದಂತಾಗುವುದಿಲ್ಲ.

ತೊಡಕು ಹಣ ಪಡೆಯುವವರ ಪಟ್ಟಿಯಲ್ಲಿದೆ. ಚಂಡಮಾರುತಕ್ಕೆ ಸಿಗುವುದು ಎರಡು ಮೂರು ದಿನಗಳ ಕಾಲಾವಕಾಶ. ಅಷ್ಟರಲ್ಲಿ ಯಾರಿಗೆ ಹಣ ಹೋಗಬೇಕೆಂದು ಊರೂರು ತಿರುಗಿ ಬರೆದುಕೊಳ್ಳಲಾಗದು, ಪಟ್ಟಿ ವರ್ಷಕ್ಕೆ ಮೊದಲೇ ಸಿದ್ಧವಿರಬೇಕು. ಹೊಸ ಗಡ್ಡೆಗಳ ಮೇಲೆ ಮನೆ ಕಟ್ಟಿದವರಿಗೆ ಹಕ್ಕುಪತ್ರವಿಲ್ಲ, ಕಳೆದ ವರ್ಷ ಮನೆ ಇದ್ದ ಜಾಗ ಈ ವರ್ಷ ನದಿಯಲ್ಲಿದೆ. ಮೊಬೈಲು ಗಂಡನ ಹೆಸರಿನಲ್ಲಿದ್ದು ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಸಮುದ್ರದಲ್ಲಿದ್ದರೆ, ದಡದಲ್ಲಿ ಹೆಂಗಸು ಯಾವ ಹಣದಿಂದ ವ್ಯಾನು ಕರೆಸಬೇಕು? ಇದನ್ನು ಬಗೆಹರಿಸಲು ಮತ್ತೆ ಬೇಕಾಗುವುದು ಮನೆಮನೆಯ ಸಂಗತಿ ಬಲ್ಲ, ಸಂಬಳವಿಲ್ಲದ ಆ ಊರಿನ ಸ್ವಯಂಸೇವಕಿಯೇ. ಅವಳ ಟಾರ್ಚಿನ ಬ್ಯಾಟರಿಗೆ ಯಾರು ದುಡ್ಡು ಕೊಡಬೇಕು ಎಂಬುದೂ ಆ ಒಪ್ಪಂದದಲ್ಲಿ ಒಂದು ಸಾಲಾಗಿ ಸೇರಿದರೆ ಒಳ್ಳೆಯದು.